ತಕ್ಕಡಿಯ ಮುಳ್ಳು ನಿಂತಾಗ



ಪ್ರಾಮಾಣಿಕವಾಗಿ ಶ್ರಮಪಟ್ಟರೂ ಫಲ ಕಾಣದೆ ಹೋದಾಗ ತಪ್ಪು ಯಾರದು? ಮಳೆ ಕೈಕೊಟ್ಟು ಬೆಳೆ ಒಣಗಿದರೆ ರೈತನನ್ನು ನಾವು ಬೈಯುವುದಿಲ್ಲ. ಕಷ್ಟಪಟ್ಟು ಓದಿದ ಮಗು ನಪಾಸಾದರೆ ಬೆನ್ನು ತಟ್ಟಿ ಸಮಾಧಾನ ಹೇಳುತ್ತೇವೆ. ಆದರೆ ಮೈತೂಕ ಇಳಿಸಲು ಹೊರಟವರೊಬ್ಬರ ತೂಕ ಇಳಿಯದೆ ನಿಂತುಬಿಟ್ಟರೆ ಮಾತ್ರ "ಕದ್ದು ತಿಂತಿರಬೇಕು ಬಿಡ್ರಿ" ಎಂದು ನಗುತ್ತೇವೆ. ಅವರೂ ತಮ್ಮನ್ನು ತಾವೇ ಹಾಗೆಂದು ಹಳಿದುಕೊಳ್ಳುತ್ತಾರೆ. ಇದು ನ್ಯಾಯವೇ?

ಸತ್ತೂರಿನಲ್ಲಿ ಒಬ್ಬ ತಾಯಿ ಇದ್ದಾರೆಂದು ಊಹಿಸಿಕೊಳ್ಳಿ. ವಯಸ್ಸು 45, ತೂಕ 82 ಕಿಲೋ. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಡಾಕ್ಟರು ಎಚ್ಚರಿಸಿದರು. ಅವರು ಚಹಾಕ್ಕೆ ಸಕ್ಕರೆ ಬಿಟ್ಟರು. ರಾತ್ರಿಯ ಅನ್ನ ಬಿಟ್ಟರು. ದಿನಾ ಬೆಳಿಗ್ಗೆ ಅರ್ಧ ತಾಸು ನಡೆದರು. ಐದು ತಿಂಗಳಲ್ಲಿ 8 ಕಿಲೋ ಇಳಿದು 74ಕ್ಕೆ ಬಂದರು. "ಭಾಳ ಸೊರಗೀರಲ್ರೀ ಅಕ್ಕಾರ" ಎಂದು ನೆರೆಯವರು ಹೇಳಿದಾಗ ಖುಷಿಯೂ ಆಯಿತು. ಆರನೆಯ ತಿಂಗಳು ತೂಕ 74. ಏಳನೆಯ ತಿಂಗಳೂ 74. ಅದೇ ಊಟ, ಅದೇ ನಡಿಗೆ, ಮುಳ್ಳು ಮಾತ್ರ ಅಲುಗುವುದಿಲ್ಲ. ಈಗ ಅವರ ಮುಂದೆ ಎರಡು ದಾರಿಗಳು ಕಾಣುತ್ತವೆ. ಇನ್ನೂ ಹೊಟ್ಟೆ ಕಟ್ಟಿ ಅರ್ಧ ರೊಟ್ಟಿಗೆ ಇಳಿಯುವುದು ಒಂದು. "ಇದು ನನ್ನ ಹಣೇಬರಹ" ಎಂದು ಎಲ್ಲವನ್ನೂ ಕೈಬಿಡುವುದು ಇನ್ನೊಂದು. ಎರಡೂ ಸರಿಯಾದ ದಾರಿಯಲ್ಲ ಎಂಬುದೇ ಈ ಲೇಖನದ ಮಾತು. ಅದಕ್ಕೆ ವಿಜ್ಞಾನವೂ ಸಾಕ್ಷಿ ಹೇಳುತ್ತದೆ, ನಮ್ಮ ಧರ್ಮಸಭೆಯ ಹಿರಿಯರ ಅನುಭವವೂ ಸಾಕ್ಷಿ ಹೇಳುತ್ತದೆ.

ಕೆಲಸ ಬದಲಾಯಿತು, ಊಟ ಬದಲಾಗಲಿಲ್ಲ

ಮೊದಲು ನಾವು ಬದುಕುತ್ತಿರುವ ಊರನ್ನೇ ನೋಡೋಣ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಇರುವ ಸತ್ತೂರ ಒಂದು ಕಾಲಕ್ಕೆ ಹೊಲಗಳ ಹಳ್ಳಿ. ಈಗ ಅಲ್ಲಿ ದಂತ ವೈದ್ಯಕೀಯ ಕಾಲೇಜು ಇದೆ, 2003ರಲ್ಲಿ ಆರಂಭವಾದ ಎಸ್‌ಡಿಎಂ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ, ಸುತ್ತ ಬಡಾವಣೆಗಳಿವೆ. ಹೊಲಕ್ಕೆ ನಡೆದು ಹೋಗುತ್ತಿದ್ದ ಕಾಲುಗಳು ಸ್ಕೂಟರ್ ಏರಿವೆ. ಅವಳಿ ನಗರಗಳ ನಡುವೆ 2018ರಲ್ಲಿ ಓಡಲಾರಂಭಿಸಿದ ಚಿಗರಿ ಬಸ್ಸು ಪ್ರಯಾಣವನ್ನು ಇನ್ನಷ್ಟು ಸುಲಭ ಮಾಡಿತು. ಬೀಸುವ ಕಲ್ಲು ಮೂಲೆ ಸೇರಿತು, ನೀರು ನಲ್ಲಿಗೆ ಬಂತು, ಕೆಲಸ ಕುರ್ಚಿಯ ಮೇಲೆ ಬಂತು. ಇವೆಲ್ಲ ಒಳ್ಳೆಯವೇ. ನಮ್ಮ ಅಜ್ಜಿಯರು ಪಟ್ಟ ಪಾಡು ಮತ್ತೆ ಬರಲಿ ಎಂದು ಯಾರೂ ಬೇಡುವುದಿಲ್ಲ.

ಆದರೆ ಊಟ? ಅದು ಹೊಲದಲ್ಲಿ ದುಡಿಯುವವರ ಊಟವಾಗಿಯೇ ಉಳಿದಿದೆ. ಅಷ್ಟೇ ಅಲ್ಲ, ಅದಕ್ಕೆ ಪೇಟೆಯ ತಿಂಡಿಯೂ ಸೇರಿಕೊಂಡಿದೆ. ಬಿಳಿಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು, ಮಜ್ಜಿಗೆ, ಇವು ಬಲ್ಲವರು ಕಟ್ಟಿದ ಊಟ. ಅದರ ಸುತ್ತ ಸಂಜೆಯ ಮಿರ್ಚಿ ಭಜಿ, ಗಿರ್ಮಿಟ್, ಬಂದವರು ತಂದ ಪೇಢೆ, ದಿನಕ್ಕೆ ಆರು ಸಲ ಚಹಾ ಬಂದು ಕೂತಿವೆ. ಇದರ ಪರಿಣಾಮ ನಮ್ಮೊಬ್ಬರ ಮನೆಯದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಮಹಿಳೆಯರಲ್ಲಿ ಶೇಕಡ 24ರಷ್ಟು, ಪುರುಷರಲ್ಲಿ ಸುಮಾರು ಶೇಕಡ 23ರಷ್ಟು ಮಂದಿಗೆ ತೂಕ ಹೆಚ್ಚು. ಇಷ್ಟು ಜನ ಒಮ್ಮೆಗೇ ಹೊಟ್ಟೆಬಾಕರಾದರೆಂದು ನಂಬಬಹುದೇ? ಬದುಕುವ ರೀತಿ ಬದಲಾಯಿತು, ದೇಹ ಅದಕ್ಕೆ ತಕ್ಕಂತೆ ಬದಲಾಯಿತು. ಮೊದಲ ಕಲ್ಲನ್ನು ಎಸೆಯುವ ಮೊದಲು ಇದು ನಮ್ಮ ನೆನಪಿನಲ್ಲಿರಲಿ.

ಮುಳ್ಳು ಏಕೆ ನಿಲ್ಲುತ್ತದೆ?

ತೂಕ ಇಳಿಸುವ ಲೆಕ್ಕವನ್ನು ನಾವು ಕಿರಾಣಿ ಅಂಗಡಿಯ ಲೆಕ್ಕದಂತೆ ತಿಳಿದಿದ್ದೇವೆ. ಒಂದು ಪೌಂಡ್ ಕೊಬ್ಬಿಗೆ 3,500 ಕ್ಯಾಲೊರಿ ಎಂದು ಮ್ಯಾಕ್ಸ್ ವಿಶ್ನೋಫ್ಸ್ಕಿ ಎಂಬ ವೈದ್ಯರು 1958ರಲ್ಲಿ ಬರೆದರು. ಅಂದರೆ ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಯಬೇಕು. ಈ ಲೆಕ್ಕ ಕೊನೆಯವರೆಗೂ ನಿಜವಾಗಿದ್ದರೆ 82 ಕಿಲೋ ತೂಗುವವರು ಮೂರೂವರೆ ವರ್ಷದಲ್ಲಿ ಗಾಳಿಯಲ್ಲಿ ಮಾಯವಾಗಬೇಕಿತ್ತು! ಹಾಗಾಗುವುದಿಲ್ಲ. ಏಕೆಂದರೆ ದೇಹ ಅಂಗಡಿಯ ಮೂಟೆಯಲ್ಲ, ಜೀವವಿರುವ ಮನೆ. ಆದಾಯ ಕಡಿಮೆಯಾದಾಗ ಜಾಣ ಗೃಹಿಣಿ ಖರ್ಚು ಕಡಿಮೆ ಮಾಡುವಂತೆ ದೇಹವೂ ಮಾಡುತ್ತದೆ.

ಅದು ಹೇಗೆಂದು ನೋಡಿ. 82 ಕಿಲೋದ ದೇಹವನ್ನು ಹೊತ್ತು ನಡೆಯಲು ಬೇಕಾದಷ್ಟು ಶಕ್ತಿ 74 ಕಿಲೋದ ದೇಹಕ್ಕೆ ಬೇಕಿಲ್ಲ. ಕಡಿಮೆ ತಿಂದಾಗ ಅದನ್ನು ಜೀರ್ಣಿಸುವ ಖರ್ಚೂ ಕಡಿಮೆ. ಇದರ ಮೇಲೆ ದೇಹ ಸುಮ್ಮನೆ ಕುಳಿತಾಗಿನ ಖರ್ಚನ್ನೂ ಸ್ವಲ್ಪ ಬಿಗಿಹಿಡಿಯುತ್ತದೆ, ನಮಗೆ ಗೊತ್ತಾಗದಂತೆ ಓಡಾಟವನ್ನೂ ಕಡಿಮೆ ಮಾಡಿಸುತ್ತದೆ. ಇನ್ನೊಂದು ಕಡೆ ಹಸಿವನ್ನು ಹೆಚ್ಚಿಸುತ್ತದೆ. ಕೊಬ್ಬಿನ ಕೋಶಗಳು "ಇಲ್ಲಿ ದಾಸ್ತಾನು ಸಾಕಷ್ಟಿದೆ" ಎಂದು ಮೆದುಳಿಗೆ ಹೇಳಿ ಕಳುಹಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು 1994ರಲ್ಲಿ ಕಂಡುಹಿಡಿಯಲಾಯಿತು. ಕೊಬ್ಬು ಕರಗಿದಾಗ ಅದೂ ಇಳಿಯುತ್ತದೆ, ಮೆದುಳು ಬರಗಾಲ ಬಂತೆಂದು ತಿಳಿಯುತ್ತದೆ. ಒಂದು ಕಿಲೋ ಇಳಿದರೆ ದೇಹದ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ, ಆದರೆ ಹಸಿವು ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ ಎಂದು ಅಮೆರಿಕದ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ನಮ್ಮ ತಾಯಿಯ 8 ಕಿಲೋಗೆ ಇದನ್ನು ಅನ್ವಯಿಸಿ. ಖರ್ಚು ದಿನಕ್ಕೆ ಸುಮಾರು 200 ಕ್ಯಾಲೊರಿ ಇಳಿಯಿತು. ಹಸಿವು ಸುಮಾರು 800 ಕ್ಯಾಲೊರಿಯಷ್ಟು ಏರಿತು. ಅಂಥ ಹಸಿವಿನ ಎದುರು ನಿಂತೂ ಅವರು ತೂಕವನ್ನು ಏರಗೊಡದೆ 74ರಲ್ಲೇ ಹಿಡಿದಿಟ್ಟಿದ್ದಾರೆ ಎಂದರೆ ಅದು ಸೋಲೇ? ಮುಳ್ಳು ನಿಂತಿದೆ ಎಂದು ಅವರು ಅಳುತ್ತಿದ್ದಾರೆ. ಆದರೆ ಅದು ನಿಂತಿರುವುದೇ ಅವರ ದಿನದಿನದ ದುಡಿಮೆಯಿಂದ.

ದೇಹ ನಮ್ಮ ವೈರಿಯೇ?

"ಹಾಗಾದರೆ ಈ ದೇಹವೇ ನನಗೆ ಮೋಸ ಮಾಡುತ್ತಿದೆ" ಎಂದು ಕೆಲವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಊಟವನ್ನೇ ಬಿಡುತ್ತಾರೆ. ಅದರ ಫಲ ಏನೆಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ತರುಣರ ಮೇಲೆ ಒಂದು ಪ್ರಯೋಗ ನಡೆಸಿದರು. ಆ ತರುಣರು ಮನಸ್ಸಾಕ್ಷಿಯ ಕಾರಣಕ್ಕೆ ಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದವರು. ಬರಗಾಲಕ್ಕೆ ಸಿಕ್ಕಿದ ಜನರನ್ನು ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ತಾವೇ ಉಪವಾಸವಿರಲು ಮುಂದೆ ಬಂದರು. ಆರು ತಿಂಗಳು ಅರೆಹೊಟ್ಟೆಯಲ್ಲಿದ್ದು ತಮ್ಮ ತೂಕದ ಸುಮಾರು ಕಾಲುಭಾಗ ಕಳೆದುಕೊಂಡರು. ವಿಶ್ರಾಂತಿಯಲ್ಲಿರುವಾಗ ದೇಹ ಮಾಡುವ ಖರ್ಚು ಶೇಕಡ 40ರಷ್ಟು ಕುಸಿಯಿತು. ಚಳಿ, ಆಯಾಸ, ಸಿಡುಕು ಅವರನ್ನು ಆವರಿಸಿದವು. ಆದರ್ಶಕ್ಕಾಗಿ ಬಂದ ಆ ಯುವಕರಿಗೆ ಊಟದ ಹೊರತು ಬೇರೆ ಯೋಚನೆಯೇ ಬಾರದಾಯಿತು. ಕೆಲವರು ಅಡಿಗೆ ಪುಸ್ತಕ ಓದುತ್ತ ಕೂರತೊಡಗಿದರು.

ಇಲ್ಲಿ ನೈತಿಕ ಪಾಠವೊಂದಿದೆ. ಅತಿಯಾದ ಉಪವಾಸವೂ ಮನುಷ್ಯನನ್ನು ಊಟದ ಗುಲಾಮನನ್ನಾಗಿಯೇ ಮಾಡುತ್ತದೆ. ಇಡೀ ದಿನ ತಿನ್ನುವವನ ಮನಸ್ಸು ತಟ್ಟೆಯ ಮೇಲಿದೆ, ಇಡೀ ದಿನ ತಿನ್ನದಿರಲು ಹೆಣಗುವವನ ಮನಸ್ಸೂ ತಟ್ಟೆಯ ಮೇಲೆಯೇ ಇದೆ. ಐದನೆಯ ಶತಮಾನದ ಆರಂಭದಲ್ಲಿ ಮರುಭೂಮಿಯ ಸನ್ಯಾಸಿಗಳ ಬುದ್ಧಿಮಾತುಗಳನ್ನು ಬರೆದಿಟ್ಟ ಜಾನ್ ಕ್ಯಾಸಿಯನ್ ಇದನ್ನೇ ಎಚ್ಚರಿಸಿದರು. ಅತಿಯಾದ ಊಟ, ಅತಿಯಾದ ಉಪವಾಸ ಎರಡೂ ಕೊನೆಗೆ ಒಂದೇ ಕಡೆ ಹೋಗಿ ಸೇರುತ್ತವೆ ಎಂಬುದು ಆ ಹಿರಿಯರ ಅನುಭವ.

2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ಕೇಳಿ. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಭಾರೀ ಕಸರತ್ತು, ಬಿಗಿ ಪಥ್ಯ ಮಾಡಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷದ ಮೇಲೆ ಪರೀಕ್ಷಿಸಿದರು. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಇಳಿದಿದ್ದವರು ಅದರಲ್ಲಿ ಸರಾಸರಿ 41 ಕಿಲೋ ಮರಳಿ ಪಡೆದಿದ್ದರು. ಆರು ವರ್ಷ ಕಳೆದರೂ ಅವರ ದೇಹ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಹೊಡೆದು ಬಡಿದು ದುಡಿಸಿದ ಎತ್ತು ಹೇಗೆ ನೆಲ ಹಿಡಿಯುತ್ತದೋ ಹಾಗೆ.

ದೇಹ ನಮ್ಮ ವೈರಿಯಲ್ಲ. ಬರಗಾಲದಲ್ಲಿ ನಮ್ಮ ಪೂರ್ವಜರನ್ನು ಉಳಿಸಿದ ಗುಣವನ್ನೇ ಅದು ಇಂದೂ ನಡೆಸುತ್ತಿದೆ. ಬರವನ್ನು ಕಂಡ ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಎರಡು ಮಾತುಗಳನ್ನು ಜೊತೆಯಾಗಿಯೇ ಹೇಳುತ್ತದೆ. ಆರೋಗ್ಯ ದೇವರು ಒಪ್ಪಿಸಿದ ಕಾಣಿಕೆ, ಅದನ್ನು ಕಾಪಾಡುವುದು ಕರ್ತವ್ಯ. ಆದರೆ ದೇಹವನ್ನೇ ದೇವರಾಗಿಸಿ ಅದರ ಚೆಲುವಿಗೆ ಎಲ್ಲವನ್ನೂ ಬಲಿಕೊಡುವುದು ಸಲ್ಲದು. ಆದ್ದರಿಂದ "ತೂಕ ಏಕೆ ಇಳಿಸಬೇಕು?" ಎಂಬ ಪ್ರಶ್ನೆ "ಹೇಗೆ ಇಳಿಸಬೇಕು?" ಎಂಬುದಕ್ಕಿಂತ ಮೊದಲು ಬರಬೇಕು. ಮಕ್ಕಳನ್ನು ಸಾಕಲು, ದುಡಿಯಲು, ಇನ್ನೊಬ್ಬರಿಗೆ ಆಸರೆಯಾಗಲು ಈ ದೇಹ ಬೇಕು. ಅಷ್ಟಕ್ಕೆ ಅದು ಗಟ್ಟಿಯಾಗಿದ್ದರೆ, ಮದುವೆಯ ಫೋಟೋದಲ್ಲಿ ಹೇಗೆ ಕಾಣುತ್ತೇವೆ ಎಂಬುದು ಎರಡನೆಯ ಮಾತು.

ತಟ್ಟೆಯ ಮುಂದೆ ಆತ್ಮಶೋಧನೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಮುಳ್ಳು ನಿಂತಾಗಲೆಲ್ಲ ದೇಹದ ಲೆಕ್ಕವೊಂದೇ ಕಾರಣವಲ್ಲ. ದಿನ ಕಳೆದಂತೆ ಕೈ ಸಡಿಲವಾಗುತ್ತದೆ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು "ಎಷ್ಟು ಪಥ್ಯ ಮಾಡಿದರೂ ನನಗೆ ತೂಕ ಇಳಿಯುವುದಿಲ್ಲ" ಎನ್ನುತ್ತಿದ್ದ ಹತ್ತು ಮಂದಿಯನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. ಅವರ ದೇಹದ ಖರ್ಚಿನಲ್ಲಿ ದೋಷವಿರಲಿಲ್ಲ. ತಾವು ತಿಂದದ್ದನ್ನು ಅವರು ಸರಾಸರಿ ಶೇಕಡ 47ರಷ್ಟು ಕಡಿಮೆ ಹೇಳಿದ್ದರು, ಮಾಡಿದ ಓಡಾಟವನ್ನು ಶೇಕಡ 51ರಷ್ಟು ಹೆಚ್ಚು ಹೇಳಿದ್ದರು. ಗಮನಿಸಿ, ಅವರು ಸುಳ್ಳುಗಾರರಲ್ಲ. ತಾವು ಹೇಳಿದ್ದನ್ನು ಅವರೇ ನಂಬಿದ್ದರು. ನಮ್ಮ ಬಗ್ಗೆ ನಾವು ಹೇಳಿಕೊಳ್ಳುವ ಕತೆ ಯಾವಾಗಲೂ ಸ್ವಲ್ಪ ನಮ್ಮ ಕಡೆಗೇ ವಾಲಿರುತ್ತದೆ. ಪಾಪನಿವೇದನೆಗೆ ಮೊದಲು ಆತ್ಮಶೋಧನೆ ಮಾಡುವವರಿಗೆ ಇದು ಹೊಸ ಸಂಗತಿಯಲ್ಲ.

ಹಾಗಾದರೆ ಒಂದು ವಾರ, ಕೇವಲ ಒಂದು ವಾರ, ಬಾಯಿಗೆ ಹೋದದ್ದನ್ನೆಲ್ಲ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಗ್ಗರಣೆಗೆ ಹಾಕಿದ ಎಣ್ಣೆ, ಉಪ್ಪು ನೋಡಲು ಬಾಯಿಗೆ ಹಾಕಿಕೊಂಡ ಪಲ್ಯ, ಮಗು ಬಿಟ್ಟ ಅರ್ಧ ಚಪಾತಿ, ಬಲಿಪೂಜೆ ಮುಗಿಸಿ ಬರುವಾಗ ತಿಂದ ಇಡ್ಲಿ ವಡೆ, ನೆಂಟರ ಮನೆಯ "ಇದೊಂದು ಹಾಕಿಸ್ಕೋರಿ", ಎಲ್ಲವೂ ಬರಲಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ಅರ್ಧ ತಾಸಿನ ಸಾಧಾರಣ ನಡಿಗೆಗೆ ಖರ್ಚಾಗುವುದೂ ಹೆಚ್ಚುಕಡಿಮೆ ಅಷ್ಟೇ. ಶೇಂಗಾ ಒಳ್ಳೆಯ ಆಹಾರವೇ, ಆದರೆ ಒಂದು ಹಿಡಿಯಲ್ಲಿ, ಅಂದರೆ ಸುಮಾರು 35 ಗ್ರಾಂನಲ್ಲಿ, 200 ಕ್ಯಾಲೊರಿ ಅಡಗಿದೆ. ನಮ್ಮ ತಾಯಿಯ ದೇಹ ಉಳಿಸಿಕೊಂಡ 200 ಕ್ಯಾಲೊರಿಯ ಕತೆ ನೆನಪಿದೆಯಲ್ಲವೇ? ಅದು ಒಂದು ಹಿಡಿ ಶೇಂಗಾದಷ್ಟು. ಮುಳ್ಳು ನಿಲ್ಲಲು ದೊಡ್ಡ ಪಾಪ ಬೇಕಾಗಿಲ್ಲ.

ಈ ಬರವಣಿಗೆ ಶಿಕ್ಷೆಯಲ್ಲ. ಸತ್ಯವನ್ನು ತಿಳಿಯುವುದು ಬೇರೆ, ತನ್ನನ್ನು ತಾನು ಹೊಡೆದುಕೊಳ್ಳುವುದು ಬೇರೆ. ಏಳು ದಿನ ಬರೆದ ಮೇಲೆ ನೋಡಿ, ತಿದ್ದಬೇಕಾದದ್ದನ್ನು ತಿದ್ದಿ, ಪುಸ್ತಕ ಮುಚ್ಚಿಡಿ.

ಮಿತ ಎಂದರೆ ಕಡಿಮೆ ಎಂದಲ್ಲ

ಸಂಯಮ ಎಂಬ ಸದ್ಗುಣವನ್ನು ನಾವು ಎಷ್ಟೋ ಸಲ ತಪ್ಪಾಗಿ ತಿಳಿಯುತ್ತೇವೆ. ಕಡಿಮೆ ತಿಂದಷ್ಟೂ ಹೆಚ್ಚು ಪುಣ್ಯ ಎಂದುಕೊಳ್ಳುತ್ತೇವೆ. ಆದರೆ ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸ್ ಹಾಗೆ ಕಲಿಸಲಿಲ್ಲ. ಈ ಬದುಕಿಗೆ ಏನು ಬೇಕು ಎಂಬುದೇ ಸಂಯಮದ ಅಳತೆಗೋಲು ಎಂದರು ಅವರು. ಅತಿಯಾಗಿ ತಿನ್ನುವುದನ್ನು ದೋಷವೆಂದಂತೆಯೇ, ಜೀವಕ್ಕೆ ಬೇಕಾದ ಸುಖವನ್ನೂ ದೂರ ತಳ್ಳುವುದನ್ನು ಇನ್ನೊಂದು ದೋಷವೆಂದೇ ಎಣಿಸಿದರು. ಸದ್ಗುಣ ಇವೆರಡರ ನಡುವೆ ಇದೆ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದವರಿಗಾಗಿ ಬರೆದ ನಿಯಮಾವಳಿಯ 39ನೆಯ ಅಧ್ಯಾಯ ಊಟದ ಅಳತೆಯನ್ನು ಕುರಿತದ್ದು. ಬೇಯಿಸಿದ ಎರಡು ಬಗೆಯ ಪದಾರ್ಥ, ಒಬ್ಬರಿಗೆ ದಿನಕ್ಕೆ ಒಂದು ಪೌಂಡ್ ರೊಟ್ಟಿ. ಎರಡು ಬಗೆ ಏಕೆ? ಒಂದನ್ನು ತಿನ್ನಲಾಗದವರು ಇನ್ನೊಂದನ್ನು ತಿನ್ನಲಿ ಎಂದು. ದುಡಿಮೆ ಹೆಚ್ಚಾದ ದಿನ ಮಠಾಧಿಪತಿ ಊಟವನ್ನೂ ಹೆಚ್ಚಿಸಬಹುದು. ಅತಿಯಾಗಿ ಉಣ್ಣುವುದು ಮಾತ್ರ ಬೇಡ. ನೋಡಿ, ಆಹಾರಕ್ಕೂ ದುಡಿಮೆಗೂ ಇರಬೇಕಾದ ಸಮತೋಲನವನ್ನು ಸುಮಾರು 1,500 ವರ್ಷಗಳ ಹಿಂದೆಯೇ ಎಷ್ಟು ಸರಳವಾಗಿ ಹೇಳಿದ್ದಾರೆ! ದುಡಿಮೆ ಹೆಚ್ಚಿದರೆ ಊಟ ಹೆಚ್ಚು. ಹಾಗಿದ್ದರೆ ದುಡಿಮೆ ಕುರ್ಚಿಗೆ ಬಂದಾಗ? ಅದರ ಉತ್ತರ ನಮಗೇ ಗೊತ್ತಿದೆ.

ಇಲ್ಲಿಯೇ ಉಪವಾಸದ ಬಗ್ಗೆ ಒಂದು ಮಾತು. ತಪಸ್ಸುಕಾಲದ ಉಪವಾಸವನ್ನು ತೂಕ ಇಳಿಸುವ ಉಪಾಯವಾಗಿ ಮಾಡಿಕೊಳ್ಳಬೇಡಿ. ಉಪವಾಸ ದೇವರ ಕಡೆಗೆ ತಿರುಗುವುದಕ್ಕೆ, ಹಸಿದವರನ್ನು ನೆನೆಯುವುದಕ್ಕೆ. ತೂಕದ ಯಂತ್ರದ ಕಡೆಗೆ ತಿರುಗುವ ಉಪವಾಸ ಬರೀ ಡಯಟ್. ಧರ್ಮಸಭೆಯ ಕಾನೂನು ಉಪವಾಸವನ್ನು ವಿಧಿಸುವುದೂ 18 ತುಂಬಿದವರಿಂದ ಅರವತ್ತನೆಯ ವರ್ಷ ಆರಂಭವಾಗುವವರೆಗಿನವರಿಗೆ ಮಾತ್ರ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಡಾಕ್ಟರನ್ನು ಕೇಳದೆ ಊಟ ಬಿಡುವುದು ಭಕ್ತಿಯಲ್ಲ, ಅಪಾಯ.

ತಟ್ಟೆ ಮತ್ತು ನಡಿಗೆ: ಎರಡು ಎತ್ತುಗಳು

ಊಟ ಮತ್ತು ವ್ಯಾಯಾಮ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಿದ್ದಂತೆ. ಒಂದನ್ನೇ ಹೊಡೆದರೆ ಗಾಡಿ ಸುತ್ತು ಹೊಡೆಯುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ತೂಕ ಇಳಿಯುವುದರಲ್ಲಿ ಊಟದ ಪಾಲು ದೊಡ್ಡದು. ಇಳಿದ ತೂಕ ಮರಳಿ ಬಾರದಂತೆ ಕಾಯುವುದರಲ್ಲಿ ವ್ಯಾಯಾಮದ ಪಾಲು ದೊಡ್ಡದು. ಮೇಲೆ ಹೇಳಿದ ಟಿ.ವಿ. ಸ್ಪರ್ಧೆಯವರಲ್ಲಿಯೂ ಆರು ವರ್ಷದ ಬಳಿಕ ತೂಕವನ್ನು ಹೆಚ್ಚು ಉಳಿಸಿಕೊಂಡವರು ಓಡಾಟವನ್ನು ಹೆಚ್ಚಿಸಿಕೊಂಡವರೇ ಆಗಿದ್ದರು.

ಹಾಗಾದರೆ ಮುಳ್ಳು ನಿಂತಾಗ ಏನು ಮಾಡಬಹುದು? ಹಿತಮಿತವಾದ ಕೆಲವು ಸಂಗತಿಗಳು ಇಲ್ಲಿವೆ.

ಮೊದಲನೆಯದಾಗಿ, ಅಳತೆಯನ್ನು ಬದಲಾಯಿಸಿ. ಉಪ್ಪು ಹೆಚ್ಚಾದರೆ, ಮುಟ್ಟಿನ ದಿನಗಳು ಬಂದರೆ, ನಿನ್ನೆ ಹಬ್ಬದೂಟ ಆಗಿದ್ದರೆ ನೀರಿನಿಂದಲೇ ಒಂದೆರಡು ಕಿಲೋ ಏರಿಳಿಯುತ್ತದೆ. ದಿನದ ಅಂಕಿ ನೋಡಿ ಅಳಬೇಡಿ, ತಿಂಗಳ ಸರಾಸರಿ ನೋಡಿ. ಜೊತೆಗೆ ಒಂದು ಟೇಪು ಹಿಡಿದು ಸೊಂಟದ ಸುತ್ತಳತೆ ನೋಡಿ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು ಎನ್ನುತ್ತಾರೆ ತಜ್ಞರು. ತೂಕ ನಿಂತಿದ್ದರೂ ಸುತ್ತಳತೆ ಇಳಿಯುತ್ತಿರಬಹುದು.

ಎರಡನೆಯದಾಗಿ, ಬರೀ ನಡಿಗೆ ಸಾಲದು, ಸ್ನಾಯುಗಳಿಗೂ ಕೆಲಸ ಕೊಡಿ. ಪಥ್ಯ ಮಾತ್ರ ಮಾಡಿದಾಗ ಇಳಿಯುವ ತೂಕದಲ್ಲಿ ಸಾಮಾನ್ಯವಾಗಿ ಕಾಲುಭಾಗದಷ್ಟು ಕೊಬ್ಬಲ್ಲದ ಅಂಶವೂ ಸೇರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಅದಕ್ಕೆ ಜಿಮ್ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು ಮನೆಯಲ್ಲೇ ಆಗುತ್ತದೆ. ನಡಿಗೆಗೆ ಉಣಕಲ್ ಕೆರೆಯ ದಂಡೆಯಿದೆ, ಧಾರವಾಡದ ವಿಶ್ವವಿದ್ಯಾಲಯದ ಮರಗಳ ನೆರಳಿದೆ. ಅಲ್ಲಿಗೆ ಹೋಗಲಾಗದಿದ್ದರೆ ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿದು ಮನೆಗೆ ನಡೆಯಿರಿ.

ಮೂರನೆಯದಾಗಿ, ಊಟವನ್ನು ಕಡಿಯಬೇಡಿ, ಅದರ ಜೋಡಣೆಯನ್ನು ತಿದ್ದಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 74 ಕಿಲೋ ತೂಗುವವರಿಗೆ ಇದು ಸುಮಾರು 61 ಗ್ರಾಂ. ಎರಡು ರೊಟ್ಟಿಯ ಜೊತೆ ಒಂದು ಚಮಚ ಪಲ್ಯವಿದ್ದರೆ ಇದು ಸಿಗುವುದಿಲ್ಲ. ಹೆಸರುಕಾಳು, ಮಡಕಿಕಾಳು, ತೊಗರಿಬೇಳೆ, ಎಣ್ಣೆ ಕಡಿಮೆ ಹಾಕಿದ ಝುಣಕ, ಮೊಸರು, ಮೊಟ್ಟೆ, ಮೀನು ತಟ್ಟೆಯಲ್ಲಿ ದೊಡ್ಡ ಜಾಗ ಪಡೆಯಲಿ. ಇವು ಹೊಟ್ಟೆಯನ್ನು ಹೆಚ್ಚು ಹೊತ್ತು ತಣ್ಣಗಿಡುತ್ತವೆ. ರೊಟ್ಟಿಯನ್ನು ದೂರಬೇಡಿ. ಪಾಪ ಅದಕ್ಕೆ ಯಾವ ತಪ್ಪೂ ಇಲ್ಲ.

ನಾಲ್ಕನೆಯದಾಗಿ, ನಿದ್ರೆ. ಟಿ.ವಿ., ಮೊಬೈಲ್ ಎಂದು ನಿದ್ರೆಗೆಟ್ಟವರಿಗೆ ಮರುದಿನ ಹಸಿವು ಹೆಚ್ಚು, ನಡೆಯುವ ಉತ್ಸಾಹ ಕಡಿಮೆ.

ಐದನೆಯದಾಗಿ, ಡಾಕ್ಟರ ಬಳಿ ಹೋಗಲು ಸಂಕೋಚಪಡಬೇಡಿ. ಥೈರಾಯ್ಡ್ ತೊಂದರೆ, ಕೆಲವು ಔಷಧಗಳು ಕೂಡ ತೂಕವನ್ನು ಹಿಡಿದಿಡುತ್ತವೆ. ಹಸಿವನ್ನು ತಗ್ಗಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂದವು. "ಔಷಧದಿಂದ ಇಳಿಸಿದರೆ ಅದು ಅಡ್ಡದಾರಿ ಅಲ್ಲವೇ?" ಎಂದು ಕೇಳುವವರಿದ್ದಾರೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವುದು ಅಡ್ಡದಾರಿಯಲ್ಲವಾದರೆ, ಡಾಕ್ಟರು ಅಗತ್ಯವೆಂದು ಕೊಟ್ಟ ಇದೂ ಅಲ್ಲ. ಆದರೆ ಬೆಲೆಯುಂಟು, ಅಡ್ಡಪರಿಣಾಮಗಳುಂಟು, ಬಿಟ್ಟರೆ ತೂಕ ಮರಳುವುದೂ ಉಂಟು. ಚಂದ ಕಾಣಲೆಂದು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವುದು ಮಾತ್ರ ಎಂದಿಗೂ ಸಲ್ಲದು.

ಬೇಸರದ ದಿನ ತೀರ್ಮಾನ ಬೇಡ

ಸಂತ ಇಗ್ನೇಷಿಯಸ್ ಲೊಯೋಲ ತಮ್ಮ ಪರಿವರ್ತನೆಯ ಆರಂಭದಲ್ಲಿ, 1522ರಲ್ಲಿ, ಮನ್ರೇಸಾ ಎಂಬಲ್ಲಿ ಕಠಿಣ ಉಪವಾಸ ಮಾಡಿ ಆರೋಗ್ಯ ಕೆಡಿಸಿಕೊಂಡರು. ಜೀವನದ ಕೊನೆಯವರೆಗೂ ಹೊಟ್ಟೆನೋವು ಅವರನ್ನು ಬಿಡಲಿಲ್ಲ. ಅನುಭವದಿಂದ ಕಲಿತ ಅವರು ಮುಂದೆ ತಮ್ಮವರಿಗೆ ಹಿತಮಿತವನ್ನೇ ಬೋಧಿಸಿದರು. ಅವರು ಕೊಟ್ಟ ಇನ್ನೊಂದು ನಿಯಮವೂ ಪ್ರಸಿದ್ಧ: ಮನಸ್ಸು ಒಣಗಿ ಕತ್ತಲು ಕವಿದಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಾಯಿಸಬೇಡಿ. ಅದು ಪ್ರಾರ್ಥನೆಯ ಬದುಕಿಗೆ ಹೇಳಿದ ಮಾತು, ತೂಕದ ಯಂತ್ರಕ್ಕೆ ಹೇಳಿದ್ದಲ್ಲ. ಆದರೂ ಇಲ್ಲಿಯೂ ಅದು ಉಪಯೋಗಕ್ಕೆ ಬರುತ್ತದೆ. ಮುಳ್ಳು ನಿಂತ ಬೆಳಿಗ್ಗೆ "ಇವತ್ತಿನಿಂದ ಊಟವೇ ಬೇಡ" ಎಂದೂ ನಿರ್ಧರಿಸಬೇಡಿ, "ಇವತ್ತಿನಿಂದ ನಡಿಗೆಯೇ ಬೇಡ" ಎಂದೂ ನಿರ್ಧರಿಸಬೇಡಿ. ಎರಡೂ ಬೇಸರ ಮಾಡಿದ ತೀರ್ಮಾನಗಳು. ಇನ್ನೊಂದು ತಿಂಗಳು ಮಾಡುತ್ತಿದ್ದುದನ್ನೇ ಮಾಡಿ, ನೋಟ್‌ಬುಕ್ ನೋಡಿ, ಆಮೇಲೆ ಸಣ್ಣದೊಂದು ಬದಲಾವಣೆ ಮಾಡಿ.

ಮನೆಯವರ ಪಾಲು

ಮನೆಯವರೇ, ಈ ಮಾತು ನಿಮಗೆ. ನಮ್ಮ ಮನೆಗಳಲ್ಲಿ ತಾಯಿ ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಾಳೆ, ಉಳಿದದ್ದನ್ನು ಚೆಲ್ಲಬಾರದೆಂದು ಉಣ್ಣುತ್ತಾಳೆ. ಪಲ್ಯ ಮುಗಿದಿರುತ್ತದೆ, ಅನ್ನ ಉಳಿದಿರುತ್ತದೆ. ಆಮೇಲೆ "ನೀ ಯಾಕ ಇಳಿವಲ್ಲಿ?" ಎಂದು ಅವಳನ್ನೇ ಕೇಳುತ್ತೇವೆ. ಅವಳಿಗೆ ಬೆಳಿಗ್ಗೆ ಅರ್ಧ ತಾಸು ನಡೆಯಲು ಬಿಡುವು ಬೇಕಾದರೆ ಯಾರಾದರೂ ಮಕ್ಕಳ ಡಬ್ಬಿ ಕಟ್ಟಬೇಕು. ಒಬ್ಬರ ಸಂಯಮಕ್ಕೆ ಇಡೀ ಮನೆಯ ನ್ಯಾಯ ಬೇಕು. ಒಬ್ಬರಿಗೆ ಬೇರೆ ಅಡಿಗೆ ಮಾಡುವ ಬದಲು ಮನೆಯವರೆಲ್ಲ ಎಣ್ಣೆ, ಸಕ್ಕರೆ ಸ್ವಲ್ಪ ತಗ್ಗಿಸಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಲಿ.

ನಾಲಿಗೆಗೂ ಒಂದು ಉಪವಾಸ ಬೇಕು. ದಪ್ಪಗಿರುವವರನ್ನು ಗುಡಿಯ ಅಂಗಳದಲ್ಲಿ, ಮದುವೆ ಮನೆಯಲ್ಲಿ ತಮಾಷೆ ಮಾಡುವುದನ್ನು ಬಿಟ್ಟುಬಿಡೋಣ. ಅವರು ದಿನಾ ಎಷ್ಟು ಹಸಿವನ್ನು ನುಂಗುತ್ತಾರೆಂಬುದು ನಮಗೆ ಕಾಣುವುದಿಲ್ಲ. ತೆಳ್ಳಗಿರುವವರೆಲ್ಲ ಸಂಯಮಿಗಳೂ ಅಲ್ಲ. ಹೊಟ್ಟೆಬಾಕತನ ಮನಸ್ಸಿನ ಪಾಪ, ಅದನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ.

ಕಾಣದ ಫಲ

ಕೊನೆಯದಾಗಿ ನಮ್ಮ ದೇಶದ್ದೇ ಒಂದು ಅಧ್ಯಯನ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸುಮಾರು ಎರಡೂವರೆ ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟವನ್ನು ತಿದ್ದಿಕೊಂಡು ನಡಿಗೆ ರೂಢಿಸಿಕೊಂಡ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವ ಶೇಕಡ 28.5ರಷ್ಟು ಕಡಿಮೆಯಾಯಿತು. ಆಶ್ಚರ್ಯವೇನು ಗೊತ್ತೇ? ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇನೂ ಆಗಿರಲಿಲ್ಲ. ಮುಳ್ಳು ನಿಂತಲ್ಲೇ ಇತ್ತು, ಒಳಗೆ ರಕ್ತನಾಳಗಳಲ್ಲಿ, ಸ್ನಾಯುಗಳಲ್ಲಿ ಒಳ್ಳೆಯ ಕೆಲಸ ನಡೆದಿತ್ತು. ಬಿತ್ತಿದವನು ನಿದ್ರಿಸುವಾಗಲೂ ಮಣ್ಣಿನೊಳಗೆ ಬೀಜ ಬೆಳೆಯುತ್ತದೆ ಎಂದು ಪ್ರಭು ಯೇಸು ಹೇಳಿದ ಸಾಮತಿ ನೆನಪಾಗುತ್ತದೆ.

ತೂಕ ಇಳಿಯದೆ ನಿಲ್ಲುವ ಈ ಘಟ್ಟಕ್ಕೆ ಇಂಗ್ಲಿಷಿನವರು ಇಟ್ಟ ಹೆಸರಿನ ಅರ್ಥ ಪ್ರಸ್ಥಭೂಮಿ. ನಮ್ಮ ಧಾರವಾಡ ಸೀಮೆಯೂ ಪ್ರಸ್ಥಭೂಮಿಯೇ ಅಲ್ಲವೇ? ಘಟ್ಟ ಹತ್ತಿ ಬಂದ ಮೇಲೆ ಸಮತಟ್ಟಾದ ಎರೆನೆಲ ಸಿಗುತ್ತದೆ. ಜನ ಅಲ್ಲಿಯೇ ಹೊಲ ಮಾಡಿದರು, ಊರು ಕಟ್ಟಿದರು. ಆ ನೆಲ ವಾಸಕ್ಕೆ ಯೋಗ್ಯವಾದ ನೆಲ. ಹಾಗೆಯೇ ಮುಳ್ಳು ನಿಂತ ಜಾಗದಲ್ಲಿ ನೀವು ಇನ್ನಷ್ಟು ಕಾಲ ಬದುಕಬೇಕಾಗಬಹುದು. ಅಲ್ಲಿ ಹಿತಮಿತದ ಊಟ, ದಿನದ ನಡಿಗೆ, ಒಳ್ಳೆಯ ನಿದ್ರೆ, ನಗುಮುಖ ಇದ್ದರೆ ಅದೇನೂ ಸೋಲಿನ ಜಾಗವಲ್ಲ. ಶ್ರಮ ನಮ್ಮ ಕೈಯಲ್ಲಿದೆ, ಅಂಕಿ ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದಕ್ಕೆ ನಾವು ನಿಷ್ಠರಾಗಿರೋಣ. ಉಳಿದುದನ್ನು ಆ ದೇಹವನ್ನು ಕೊಟ್ಟಾತನಿಗೆ ಒಪ್ಪಿಸಿ, ನಾಳೆ ಬೆಳಿಗ್ಗೆ ಮತ್ತೆ ಚಪ್ಪಲಿ ಮೆಟ್ಟಿ ಹೊರಡೋಣ.